ಮಾತು ಹೊದಿಸಿದ ಸಂಚಿಕೆ

ಕನ್ನಡದಲ್ಲಿ ಕಿರುಚುವುದು ಕಷ್ಟ. ಇಂಗ್ಲಿಷಿನವರಿಗೆ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಯಾರಾದರೂ ಕಿರುಚಿದರೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರಾಯಿತು. ನಮ್ಮಲ್ಲಿ ರಾಕ್ಷಸ ಅಬ್ಬರಿಸಿದರೂ ಮಗು ಪಿಸುಗುಟ್ಟಿದರೂ ಅಕ್ಷರ ಒಂದೇ. ಹಾಗಾಗಿ ಅಬ್ಬರಕ್ಕೆ ದಪ್ಪ ನಿಬ್ಬು, ಪಿಸುಮಾತಿಗೆ ತೆಳು ನಿಬ್ಬು ಎಂದು ನಾನೇ ಒಂದು ಕ್ರಮ ಮಾಡಿಕೊಂಡಿದ್ದೆ. ಅಳುವವರ ಮಾತಿಗೆ ಗೆರೆಯನ್ನು ಸ್ವಲ್ಪ ನಡುಗಿಸಬೇಕು. ಇನ್ನೊಂದು ತೊಂದರೆ ಒತ್ತಕ್ಷರದ್ದು. ಅದು ಕೆಳಗೆ ಇಳಿದು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಆದ್ದರಿಂದ ಕನ್ನಡದ ಬಲೂನು ಯಾವಾಗಲೂ ಎತ್ತರ ಇರಬೇಕು. ಚಿತ್ರ ಬರೆಯುವವರು ಇದನ್ನು ಸುಲಭದಲ್ಲಿ ಒಪ್ಪುವುದಿಲ್ಲ. ಅವರಿಗೆ ತಮ್ಮ ಆಕಾಶ ಮುಚ್ಚಿಹೋಗುತ್ತದೆ ಎಂಬ ಸಂಕಟ.

ಬಲೂನು ಎಂದರೆ ಚಿತ್ರಕಥೆಯಲ್ಲಿ ಮಾತನಾಡುವವರ ಬಾಯಿಯಿಂದ ಹೊರಡುವ ಬಿಳಿ ಗುಳ್ಳೆ. ಅದರೊಳಗೆ ಅಕ್ಷರ ಬರೆದು, ಕತ್ತರಿಸಿ, ಚಿತ್ರದ ಮೇಲೆ ಅಂಟಿಸುವುದು ನನ್ನ ಕೆಲಸವಾಗಿತ್ತು.

ಶ್ರಾವ್ಯಾ, ಕಳೆದ ಸಲ ಬಂದಾಗ ನೀನು ಸೇರಲಿಕ್ಕಿರುವ ಕೆಲಸವನ್ನು ನನಗೆ ಕಂಪ್ಯೂಟರಿನಲ್ಲಿ ತೋರಿಸಿದೆ. "ಅಜ್ಜಿ ನೋಡಿ, ಚಿತ್ರ ಒಂದು ಪದರದಲ್ಲಿ ಇರ್ತದೆ, ಬಲೂನು ಇನ್ನೊಂದು ಪದರದಲ್ಲಿ. ಬೇಡ ಅಂದ್ರೆ ಹೀಗೆ ತೆಗೆಯಬಹುದು," ಎಂದು ಒಂದು ಗುಂಡಿ ಒತ್ತಿದೆ. ಬಲೂನು ಮಾಯವಾಯಿತು. ಕೆಳಗಿನ ಚಿತ್ರ ಹಾಗೆಯೇ, ಒಂದು ಗೀರೂ ಇಲ್ಲದೆ ಇತ್ತು. ನಾನು ಎದ್ದು ಬಚ್ಚಲಿಗೆ ಹೋದೆ. ಅಜ್ಜಿಗೆ ಇದೆಲ್ಲ ಅರ್ಥ ಆಗುವುದಿಲ್ಲ ಎಂದು ನಿನ್ನ ತಮ್ಮ ನಕ್ಕದ್ದು ಕೇಳಿಸಿತು. ಅರ್ಥವಾಗದೆ ಹೋದದ್ದಲ್ಲ. ಬಾಯಿಯಲ್ಲಿ ಹೇಳಲು ನನಗೆ ಬರುವುದಿಲ್ಲ. ಫೋನಿನಲ್ಲೂ ನಾನು ಹೂಂ ಎನ್ನುವುದನ್ನು ಬಿಟ್ಟರೆ ಬೇರೆ ಮಾತಿಲ್ಲ ಎಂದು ನೀವೇ ನಗಾಡುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ. ನಾವು ಪ್ರೆಸ್ಸಿನಲ್ಲಿ ಮಾತನಾಡುತ್ತಿದ್ದುದು ಹೆಚ್ಚಾಗಿ ತುಳುವಿನಲ್ಲಿ. ನಿಮಗೆ ತಿಳಿಯಲಿ ಎಂದು ಕನ್ನಡ ಮಾಡಿದ್ದೇನೆ.

ಕೆಲಸ ಸಿಕ್ಕಿದ್ದು ನಿಮ್ಮ ಅಜ್ಜ ತೀರಿಕೊಂಡದ್ದರಿಂದ. ಉತ್ತರಕ್ರಿಯೆಯ ಕಾಗದ ಅಚ್ಚು ಮಾಡಿಸಲು ಮೂಡುಬಿದಿರೆಯ ಒಂದು ಪ್ರೆಸ್ಸಿಗೆ ನನ್ನ ಅಣ್ಣನೊಟ್ಟಿಗೆ ಹೋಗಿದ್ದೆ. ಒಕ್ಕಣೆಯನ್ನು ನಾನೇ ಬರೆದು ತಂದಿದ್ದೆ. ಪ್ರೆಸ್ಸಿನ ಧನಿಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾರ ಅಕ್ಷರ?" ಎಂದು ಕೇಳಿದರು. ಅಣ್ಣ ನನ್ನನ್ನು ತೋರಿಸಿದ. ನಾನು ನೆಲ ನೋಡಿದೆ. ತೋಡಾರಿನ ಶಾಲೆಯಲ್ಲಿ ಏಳನೆಯವರೆಗೆ ಮಾತ್ರ ಕಲಿತವಳು ನಾನು. ಆದರೆ ಅಲ್ಲಿನ ಮಾಸ್ಟ್ರು ಕಾಪಿ ಪುಸ್ತಕದಲ್ಲಿ ಒಂದು ಕೊಂಬು ಓರೆಯಾದರೂ ಇಡೀ ಪುಟ ಪುನಃ ಬರೆಸುತ್ತಿದ್ದರು. "ಹದಿಮೂರು ದಿನ ಕಳೆದ ಮೇಲೆ ಬಾ," ಎಂದರು ಧನಿಗಳು. ಹಾಗೆ ಹೋದೆ. ಆಗ ನಿಮ್ಮ ತಾಯಿ ಪ್ರಾಥಮಿಕ ಶಾಲೆಯಲ್ಲಿದ್ದಳು. ನಾವಿಬ್ಬರೂ ಅಣ್ಣನ ಮನೆಯ ಒಂದು ಕೋಣೆಯಲ್ಲಿದ್ದೆವು.

ಧನಿಗಳ ಹೆಸರು ಜಗನ್ನಾಥ. ಕಲ್ಲಡ್ಕದಲ್ಲಿ ಅವರದೊಂದು ಹೋಟೆಲು ಇತ್ತು. ಗಲ್ಫಿನಲ್ಲಿ ಕೆಲವು ವರ್ಷ ಇದ್ದು ಬಂದು ಈ ಪ್ರೆಸ್ಸು ತೆಗೆದುಕೊಂಡಿದ್ದರು. ಮದುವೆ ಕಾಗದ, ಹೋಟೆಲಿನ ಬಿಲ್ಲು, ಸೋಡಾ ಚೀಟಿ ಅಚ್ಚು ಮಾಡಿ ಹೊಟ್ಟೆ ತುಂಬುತ್ತಿತ್ತು. ಆಸೆ ಮಾತ್ರ ಬೇರೆ ಇತ್ತು. ಗಲ್ಫಿನಲ್ಲಿ ಎಲ್ಲ ದೇಶದ ಮಕ್ಕಳೂ ಹಾರುವ ವೀರರ ಪುಸ್ತಕ ಓದುವುದನ್ನು ನೋಡಿ, ನಮ್ಮ ಮಕ್ಕಳಿಗೂ ಒಂದು ಬೇಕು ಎಂದು 'ಮಿಂಚುಕನ್ಯೆ' ಎಂಬ ಮಾಸಿಕ ಶುರು ಮಾಡಿದ್ದರು. ಅವಳು ಹಗಲಿಗೆ ಶಾಲೆಯ ಟೀಚರು. ಗುಡುಗಿದರೆ ಸಾಕು, ಮಿಂಚು ಹಿಡಿದು ಹಾರುತ್ತಾಳೆ. ಗುಡುಗಿಲ್ಲದ ತಿಂಗಳಲ್ಲಿ ಅವಳ ಶಕ್ತಿ ಕಡಿಮೆ. ಹಾಗಾಗಿ ಚಳಿಗಾಲದ ಸಂಚಿಕೆಗಳಲ್ಲಿ ಹೆಚ್ಚಾಗಿ ಪಾಠ ಮಾಡಿಕೊಂಡೇ ಇರುತ್ತಿದ್ದಳು.

ಚಿತ್ರ ಬರೆಯುತ್ತಿದ್ದವರು ನರಿಕೊಂಬಿನ ಲೋಕಯ್ಯಣ್ಣ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಆದರೂ ಪ್ರೆಸ್ಸಿನ ಎಲ್ಲರ ಹಾಗೆ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಪ್ರಾಯದಲ್ಲಿ ಅವರು ಕ್ಯಾಲೆಂಡರಿನ ಹೆಂಗಸರನ್ನು ಬರೆಯುತ್ತಿದ್ದರಂತೆ. ಬೀಡಿಯವರು, ಗೊಬ್ಬರದವರು, ಟಯರಿನವರು ಅಂಥ ಚಿತ್ರ ಹಾಕಿಸಿ ಹಂಚುತ್ತಿದ್ದರು. ವರ್ಷ ಮುಗಿದ ಮೇಲೆ ತಾರೀಕಿನ ಭಾಗ ಹರಿದುಹೋಗಿ, ಹೆಂಗಸು ಮಾತ್ರ ಕ್ಷೌರದ ಅಂಗಡಿಯ ಗೋಡೆಯಲ್ಲೋ ಲಾರಿಯ ಒಳಗೋ ಉಳಿಯುತ್ತಿದ್ದಳು. ಲೋಕಯ್ಯಣ್ಣನಿಗೆ ಕೆಲಸ ಕಲಿಸಿದವರ ಹತ್ತಿರ ಯುದ್ಧಕಾಲದ ವಿದೇಶಿ ಕ್ಯಾಲೆಂಡರುಗಳು ಇದ್ದವಂತೆ. ಗಾಳಿಗೆ ಲಂಗ ಹಾರಿದವಳು, ನಾಯಿ ಬಟ್ಟೆ ಎಳೆದವಳು, ಏಣಿಯಲ್ಲಿ ಸಿಕ್ಕಿಹಾಕಿಕೊಂಡವಳು. ಅವುಗಳನ್ನು ನೋಡಿ ನೋಡಿ ತನ್ನ ಕೈ ತಿರುಗಿತು ಎಂದು ಹೇಳುತ್ತಿದ್ದರು.

ಇನ್ನೊಬ್ಬಳು ರುಕಿಯಾ. ಪುಟ ಮಡಚುವುದು, ಪಿನ್ನು ಹೊಡೆಯುವುದು, ಅಂಟು ಬೇಯಿಸುವುದು ಅವಳ ಕೆಲಸ. ಅವಳ ಗಂಡ ಗಲ್ಫಿಗೆ ಹೋದವನು ಮತ್ತೆ ಸುದ್ದಿ ಇಲ್ಲ. ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು.

ನಾನು ಮಾಡಿದ ಮೊದಲ ದೊಡ್ಡ ಎಡವಟ್ಟು ಲ ಮತ್ತು ಳ ದ್ದು. ರಾಕ್ಷಸ ಮಿಂಚುಕನ್ಯೆಯ ಕುತ್ತಿಗೆ ಹಿಡಿದು "ನಿನ್ನನ್ನು ಕೊಲ್ಲುತ್ತೇನೆ" ಎನ್ನಬೇಕಿತ್ತು. ನಾನು "ಕೊಳ್ಳುತ್ತೇನೆ" ಎಂದು ಬರೆದಿದ್ದೆ. ಅದೂ ದಪ್ಪ ನಿಬ್ಬಿನಲ್ಲಿ. ಅಂಗಡಿಗಳಿಗೆ ಹೋದ ಮೇಲೆ ಗೊತ್ತಾಯಿತು.

ಧನಿಗಳು ಪುಸ್ತಕ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ನಿಂತರು. "ಎಂತ ದೇವಕಿ, ಇವ ರಾಕ್ಷಸನಾ ಗುಜರಿಯವನಾ?"

ಲೋಕಯ್ಯಣ್ಣ ಕುಂಚ ತೊಳೆಯುತ್ತಾ, "ದರ ಎಷ್ಟು ಹೇಳಿದ ಅಂತ ಕೇಳಿದಿರಾ ಧನಿ?" ಎಂದರು.

"ನನ್ನನ್ನು ಕೊಳ್ಳುವ ರಾಕ್ಷಸ ಇದ್ದರೆ ಹೇಳಿ," ಎಂದಳು ರುಕಿಯಾ. "ನಾಳೆಯೇ ಪೆಟ್ಟಿಗೆ ಕಟ್ಟುತ್ತೇನೆ."

ಧನಿಗಳೂ ನಕ್ಕುಬಿಟ್ಟರು. ನನಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರುವವರು ಒಂದು ವಿಷಯ ತಿಳಿದುಕೊಳ್ಳಬೇಕು. ಚಿತ್ರ ತಪ್ಪಿದರೆ ಜನರು ಚಿತ್ರವೇ ಹಾಗೆ ಎಂದುಕೊಳ್ಳುತ್ತಾರೆ. ಅಕ್ಷರ ತಪ್ಪಿದರೆ ಮಾತ್ರ ಬರೆದವರು ಯಾರು ಎಂದು ಕೇಳುತ್ತಾರೆ.

ಎರಡನೆಯದು ಎಮ್ಮೆಯ ಕಥೆ. ಇದನ್ನು ಸರಿಯಾಗಿ ಓದಿ, ಏಕೆಂದರೆ ಮುಂದಿನದೆಲ್ಲ ಬಂದದ್ದು ಇದರಿಂದ. ಬಲೂನುಗಳನ್ನು ನಾವು ಸೈಕಲ್ ಟ್ಯೂಬಿಗೆ ಹಾಕುವ ಸೊಲ್ಯೂಷನ್ನಿನಿಂದ ಅಂಟಿಸುತ್ತಿದ್ದೆವು. ಬೇಡವಾದರೆ ಮೆಲ್ಲ ಎಳೆದರೆ ಏಳುತ್ತದೆ, ಕೆಳಗಿನ ಕಾಗದಕ್ಕೆ ಏನೂ ಆಗುವುದಿಲ್ಲ. ಆದರೆ ಆಟಿ ತಿಂಗಳ ಜಡಿಮಳೆಗೆ ಅದು ಹಿಡಿಯುವುದಿಲ್ಲ. ಒಮ್ಮೆ ಪುಟಗಳಿಂದ ಅಚ್ಚಿನ ಪ್ಲೇಟು ಮಾಡಿಸಲು ಬಸ್ಸಿನಲ್ಲಿ ಮಂಗಳೂರಿಗೆ ಕಳುಹಿಸಿದಾಗ ಒಂದು ಬಲೂನು ಎದ್ದು, ಜಾರಿ, ಇನ್ನೊಂದು ಕಡೆ ಹೋಗಿ ಕೂತಿತು. ಅಲ್ಲಿನವರಿಗೆ ಕನ್ನಡ ಓದುವ ಪುರುಸೊತ್ತು ಇಲ್ಲ. ಸಂಚಿಕೆ ಬಂದಾಗ ನೋಡುತ್ತೇವೆ, ಇನ್‌ಸ್ಪೆಕ್ಟರು ಪಿಸ್ತೂಲು ಹಿಡಿದು ಬಾಯಿ ತೆರೆದು ಸುಮ್ಮನೆ ನಿಂತಿದ್ದಾರೆ. ಹಿಂದೆ ಗದ್ದೆಯಲ್ಲಿ ನಿಂತ ಎಮ್ಮೆ, "ಯಾರೂ ಅಲುಗಾಡಬೇಡಿ, ನಿಮ್ಮನ್ನು ಸುತ್ತುವರಿದಿದ್ದೇವೆ" ಎನ್ನುತ್ತಿದೆ.

ಈ ಸಲ ಧನಿಗಳು ನಗಲಿಲ್ಲ. ಬಂಟ್ವಾಳದ ಯಾವನೋ ಪೊಲೀಸ್ ಇಲಾಖೆಯವನು ಎಮ್ಮೆ ಎಂದದ್ದು ತನ್ನನ್ನೇ ಎಂದುಕೊಂಡಿದ್ದನಂತೆ. "ಇನ್ನು ಮಳೆಗಾಲದಲ್ಲಿ ಸೊಲ್ಯೂಷನ್ ಬೇಡ. ಬೈಂಡಿಂಗಿನ ಅಂಟು ಹಾಕಿ," ಎಂದು ಕಟ್ಟುನಿಟ್ಟು ಮಾಡಿದರು.

ಬೈಂಡಿಂಗಿನ ಅಂಟು ರುಕಿಯಾಳ ಕೈಯಡುಗೆ. ಮೈದಾ ಬೇಯಿಸಿ ಅದಕ್ಕೆ ಸ್ವಲ್ಪ ಮೈಲುತುತ್ತು ಹಾಕುವುದು. ಅಡಿಕೆಯ ಕೊಳೆರೋಗಕ್ಕೆ ತೋಟದವರು ಸುಣ್ಣದೊಟ್ಟಿಗೆ ಕಲಸಿ ಸಿಂಪಡಿಸುತ್ತಾರಲ್ಲ, ಅದೇ ನೀಲಿ ಹರಳು. ಅದನ್ನು ಹಾಕಿದರೆ ಜಿರಳೆ, ಹುಳ ಮುಟ್ಟುವುದಿಲ್ಲ. ಎಲ್ಲ ಪ್ರೆಸ್ಸುಗಳಲ್ಲಿಯೂ ಹಾಗೆಯೇ. "ಇದು ಹಿಡಿದರೆ ಹಿಡಿದದ್ದೇ ದೇವಕಿಯಕ್ಕ," ಎನ್ನುತ್ತಿದ್ದಳು. "ನಿಕಾಹಿಗಿಂತ ಗಟ್ಟಿ."

ಲೋಕಯ್ಯಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಕಣ್ಣಿಗೆ ಇಳಿಯಿತು. ಒಂದು ದಿನ ಗೋಡೆಯ ಮೇಲೆ ಜೇಡರ ಬಲೆ ಉಂಟು, ತೆಗೆಯಿರಿ ಎಂದರು. ಗೋಡೆಯಲ್ಲಿ ಬಲೆ ಇರಲಿಲ್ಲ. ಕಣ್ಣಿನ ಡಾಕ್ಟರು ಇನ್ನು ಹೆಚ್ಚು ಸಮಯ ಇಲ್ಲ ಎಂದಿದ್ದರಂತೆ. ಅದನ್ನು ಅವರು ನಮಗೆ ಹೇಳಿದ್ದು ಊಟದ ಹೊತ್ತಿಗೆ, ಮೀನಿನ ಮುಳ್ಳು ಬಿಡಿಸಿಕೊಳ್ಳುತ್ತಾ. ಮತ್ತೆ ಆ ಮಾತು ಎತ್ತಲಿಲ್ಲ.

ಆ ಮೇಲೆ ಧನಿಗಳ ಹತ್ತಿರ ಹೋಗಿ ದೀಪಾವಳಿಗೆ ಒಂದು ವಿಶೇಷ ಸಂಚಿಕೆ ಕೇಳಿದರು. ಅವರು ಹೇಳಿದ ಕಥೆಯನ್ನು ನಾನು ಪಕ್ಕದ ಮೇಜಿನಲ್ಲಿ ಕೂತು ಕೇಳಿದೆ. ಚೌಕಾಸುರ ಎಂಬ ರಾಕ್ಷಸ ಮಿಂಚುಕನ್ಯೆಯನ್ನು ಒಂದು ಕ್ಷೌರದ ಅಂಗಡಿಯ ಕ್ಯಾಲೆಂಡರಿನೊಳಗೆ ಸೆರೆ ಹಾಕುತ್ತಾನೆ. ತಿಂಗಳು ಮಗುಚಿದ ಹಾಗೆ ಅವಳು ಹಳೆಯ ಕ್ಯಾಲೆಂಡರಿನ ಹೆಂಗಸರ ಹಾಗೆ ಒಂದೊಂದು ಭಂಗಿಯಲ್ಲಿ ನಿಲ್ಲಬೇಕು. ನೋಡುವ ಕಣ್ಣು ಉಂಟು, ಮಾತಾಡುವ ಬಾಯಿ ಇಲ್ಲ. ಕ್ಷೌರಕ್ಕೆ ಬಂದವರೆಲ್ಲ ಅವಳನ್ನು ನೋಡುತ್ತಾರೆ, ಒಬ್ಬರಿಗೂ ಅವಳು ಯಾರೆಂದು ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಕ್ಷೌರಿಕನ ಸಣ್ಣ ಮಗಳು ಚಿತ್ರದ ಕಣ್ಣು ಒದ್ದೆಯಾದದ್ದನ್ನು ಕಂಡು ಗೋಡೆಯ ಪಿನ್ನು ಕೀಳುತ್ತಾಳೆ. ಆಗ ಬಿಡುಗಡೆ.

"ಎಲ್ಲ ಪುಟವೂ ಬಣ್ಣದಲ್ಲಿ ಧನಿ. ತಿಂಗಳಿಗೊಂದು ಇಡೀ ಪುಟದ ಚಿತ್ರ. ಅದರಲ್ಲಿ ಒಂದು ಅಕ್ಷರವೂ ಬೇಡ," ಎಂದರು ಲೋಕಯ್ಯಣ್ಣ.

ಮನೆಮನೆಗೆ ಟಿ.ವಿ. ಬಂದು ಮಾಸಿಕ ಬಿದ್ದುಹೋಗುವ ಹಾಗೆ ಇತ್ತು. ಆದರೂ ಧನಿಗಳು, "ಆಯ್ತು, ಮಾಡುವ. ಇದು ಓಡಿದರೆ ಓಡಿತು. ಇಲ್ಲದಿದ್ದರೆ ಇದೇ ಕೊನೆಯದು," ಎಂದರು.

ಹೊರಗೆ ಬಂದು ಲೋಕಯ್ಯಣ್ಣ ನಮ್ಮಿಬ್ಬರ ಹತ್ತಿರ ಕೂತರು. "ನನಗೆ ಬೇರೆ ಎಂತದೂ ಬೇಡ ಅಕ್ಕ. ಯಾವುದಾದರೂ ಒಬ್ಬ ಕ್ಷೌರದವ ಇದರ ಒಂದು ಪುಟ ಹರಿದು ಗೋಡೆಗೆ ಚುಚ್ಚಬೇಕು. ಕಣ್ಣು ಹೋಗುವ ಮೊದಲು ಅದನ್ನೊಮ್ಮೆ ನೋಡಬೇಕು. ನಾನು ಶುರು ಮಾಡಿದ್ದು ಆ ಗೋಡೆಯಲ್ಲಿ."

ಮಳೆಗಾಲವಿಡೀ ಬರೆದರು. ಕಾಗದಕ್ಕೆ ಮೂಗು ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ. ನಾನು ಮೊದಲಿಗೆ ಆ ಚಿತ್ರಗಳನ್ನು ನೋಡಲಿಲ್ಲ. ಆ ಕಡೆ ಹೋಗುವಾಗ ಗೋಡೆ ನೋಡಿಕೊಂಡು ಹೋಗುತ್ತಿದ್ದೆ. ಹಣೆ ಬೋಳಾದ ಹೆಂಗಸು ಅಂಥದ್ದನ್ನು ನೋಡುತ್ತಾ ನಿಂತಿದ್ದಾಳೆ ಎಂದು ಯಾರಾದರೂ ಹೇಳಿಯಾರು ಎಂಬ ಹೆದರಿಕೆ. ಒಂದು ದಿನ ಅವರೇ ಕರೆದು, "ಅಕ್ಕ, ಈ ಸೀರೆಯ ನೆರಿಗೆ ಸರಿ ಉಂಟಾ ನೋಡಿ. ಇದು ಹೆಂಗಸರಿಗೆ ಮಾತ್ರ ಗೊತ್ತಾಗುವುದು," ಎಂದರು.

ನೋಡಿದೆ. ಮಿಂಚುಕನ್ಯೆಯ ಸೆರಗು ಬಸ್ಸಿನ ಬಾಗಿಲಿಗೆ ಸಿಕ್ಕಿದೆ. ಬಸ್ಸು ಹೊರಟಿದೆ. ಸೀರೆ ಬಿಚ್ಚಿಹೋಗುತ್ತಾ ಉಂಟು. ಒಂದು ಕೈಯಲ್ಲಿ ಸೊಂಟದ ಹತ್ತಿರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬಸ್ಸನ್ನು ತಟ್ಟುತ್ತಿದ್ದಾಳೆ. ಮುಖದಲ್ಲಿ ನಗುವೂ ಅಲ್ಲ, ಅಳುವೂ ಅಲ್ಲದ ಒಂದು ಗಾಬರಿ. ತೋಡಾರಿನಲ್ಲಿ ನನಗೆ ಹೀಗೆಯೇ ಆಗಿತ್ತು. ಎಲ್ಲರೂ ನೋಡಿದ್ದರು. ಆ ದಿನ ನಾನು ಬಸ್ಸಿನಲ್ಲಿ ನಿಂತುಕೊಂಡೇ ಅತ್ತಿದ್ದೆ. ಉಳಿದ ಚಿತ್ರಗಳನ್ನೂ ಒಂದೊಂದಾಗಿ ನೋಡಿದೆ. ಗಾಳಿ, ನಾಯಿ, ಮುಳ್ಳು, ಮಳೆ. ಬಟ್ಟೆ ಕಡಿಮೆ ಇತ್ತು, ನಿಜ. ಆದರೆ ಒಬ್ಬಳೂ ಯಾರನ್ನೂ ಕರೆಯುವವಳ ಹಾಗೆ ಇರಲಿಲ್ಲ. ಎಲ್ಲರೂ ಬಟ್ಟೆಯ ಒಂದು ಸಣ್ಣ ಕಷ್ಟದಲ್ಲಿ ಸಿಕ್ಕಿ, ಆ ಹೊತ್ತಿಗೆ ಸರಿಯಾಗಿ ನಾವು ನೋಡಿಬಿಟ್ಟ ಹಾಗೆ ಇದ್ದರು. ಡಿಸೆಂಬರಿನವಳು ಬೆನ್ನು ಹಾಕಿ ಕೂತು, ಒದ್ದೆ ಕೂದಲು ಹಿಂಡುತ್ತಾ, ಹೆಗಲ ಮೇಲಿಂದ ತಿರುಗಿ ನೋಡುತ್ತಿದ್ದಳು. ಆ ಬೆನ್ನಿನ ಬಣ್ಣವನ್ನು ಹೇಗೆ ಬರೆಯಲಿ. ಆಗಷ್ಟೇ ಬಿಸಿನೀರು ಹೊಯ್ದು ಎದ್ದವರ ಬೆನ್ನಿನ ಹಾಗೆ.

"ನೆರಿಗೆ ಸರಿ ಉಂಟು," ಎಂದೆ.

ಎಲ್ಲ ಮುಗಿದ ಮೇಲೆ ಧನಿಗಳು ಚಿತ್ರಗಳನ್ನು ಮೇಜಿನ ಮೇಲೆ ಹರಡಿಸಿದರು. ನೋಡುತ್ತಾ ನೋಡುತ್ತಾ ಎದ್ದು ಹೋಗಿ ಬಾಗಿಲು ಹಾಕಿದರು.

"ಲೋಕಯ್ಯ, ಇದನ್ನು ನನ್ನ ಹೋಟೆಲಿನ ಕೌಂಟರಿನಲ್ಲಿ ಇಡ್ಲಿಕ್ಕೆ ಉಂಟಾ? ಶಾಲೆಗೆ ಹೋಗುವ ಪುಸ್ತಕ ಮಾರಾಯ ಇದು."

"ಕ್ಯಾಲೆಂಡರ್ ಅಂತ ನಾನು ಹೇಳಿದ್ದೆನಲ್ಲ ಧನಿ."

"ಕ್ಯಾಲೆಂಡರ್ ಅಂದ್ರೆ ಲಕ್ಷ್ಮಿ, ಸರಸ್ವತಿ ಅಂತ ನಾನು ಗ್ರಹಿಸಿದ್ದು."

ರುಕಿಯಾ ಬಾಯಿಗೆ ಸೆರಗು ಇಟ್ಟುಕೊಂಡಳು. ಧನಿಗಳು ಮೇಜಿನ ಸೆಳೆಖಾನೆಯಿಂದ ದಪ್ಪದೊಂದು ಕಪ್ಪು ಪೆನ್ನು ತೆಗೆದರು. ಗಲ್ಫಿನಲ್ಲಿ ಅವರಿದ್ದ ಅಂಗಡಿಗೆ ಪರದೇಶದ ಪತ್ರಿಕೆ ಬಂದರೆ, ಮಾರಾಟಕ್ಕೆ ಇಡುವ ಮೊದಲು ಒಬ್ಬ ಕೂತು ಹೆಂಗಸರ ಕೈಕಾಲಿಗೆಲ್ಲ ಇಂಥದೇ ಪೆನ್ನಿನಲ್ಲಿ ಕಪ್ಪು ಬಳಿಯುತ್ತಿದ್ದನಂತೆ. "ಯಾರಿಗೂ ತೊಂದರೆ ಇಲ್ಲ. ಸಂಚಿಕೆಯೂ ಹೊರಟಿತು," ಎಂದು ಮುಚ್ಚಳ ತೆಗೆದರು.

ಲೋಕಯ್ಯಣ್ಣ ಚಿತ್ರಗಳ ಮೇಲೆ ಎರಡೂ ಕೈ ಇಟ್ಟರು. ಗಲಾಟೆ ಮಾಡುವ ಜನ ಅಲ್ಲ ಅವರು. ಕೈ ತೆಗೆಯದೆ ನನ್ನ ಕಡೆ ತಿರುಗಿದರು. ಅಥವಾ ನಾನು ಇದ್ದೇನೆ ಎಂದು ಅವರು ಎಣಿಸಿದ ಕಡೆಗೆ.

"ದೇವಕಿಯಕ್ಕ ಬಲೂನು ಇಡಲಿ ಧನಿ. ಎಲ್ಲೆಲ್ಲಿ ಬೇಡವೋ ಅಲ್ಲೆಲ್ಲ ಬಲೂನು ಇಡಲಿ. ಮಸಿ ಹಾಕಿದರೆ ಹೋಗುವುದಿಲ್ಲ. ಕಾಗದ ಆದರೆ ಮತ್ತೆ ಏಳ್ತದೆ."

ಧನಿಗಳ ಎದುರು ನಾನಾಗಿ ಬಾಯಿ ತೆರೆದದ್ದು ಅದೊಂದೇ ಸಲ. "ಕಥೆಯಲ್ಲಿ ಅವಳಿಗೆ ಮಾತಾಡಲಿಕ್ಕೆ ಇಲ್ಲವಲ್ಲ," ಎಂದೆ.

"ಕಥೆ ಯಾರು ನೋಡ್ತಾರೆ ದೇವಕಿ. ಎಂತ ಬೇಕಾದರೂ ಬರಿ. ತುಂಬಬೇಕು, ಅಷ್ಟೇ."

ಬಣ್ಣದ ಪುಟಕ್ಕೆ ಅಕ್ಷರವನ್ನು ಬೇರೆ ಪಾರದರ್ಶಕ ಹಾಳೆಯಲ್ಲಿ ಬರೆದು ಮೇಲೆ ಇಡುವುದು ಸರಿಯಾದ ಕ್ರಮ. ಅದಕ್ಕೆ ಬೇರೆ ಫಿಲ್ಮು ಬೇಕು, ಖರ್ಚು ಹೆಚ್ಚು. ಧನಿಗಳು ಅದಕ್ಕೆ ಒಪ್ಪಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ಎಮ್ಮೆಯ ನಂತರದ ನಿಯಮ ಇದ್ದೇ ಇತ್ತು. ರುಕಿಯಾ ಒಲೆಯ ಮೇಲೆ ಅಂಟು ಇಟ್ಟಳು. ಚಿತ್ರಗಳು ಒಳ್ಳೆಯವು, ಹುಳ ಬೀಳಬಾರದು ಎಂದು ಈ ಸಲ ಮೈಲುತುತ್ತು ಸ್ವಲ್ಪ ಹೆಚ್ಚೇ ಹಾಕಿದಳು.

ನನಗೆ ಇನ್ನೊಬ್ಬರು ಬರೆದುಕೊಟ್ಟ ಮಾತನ್ನು ಚಂದ ಮಾಡಿ ಬರೆಯಲು ಗೊತ್ತಿತ್ತು. ಸ್ವಂತ ಮಾತು ಎಲ್ಲಿಂದ ತರಲಿ? ಮನೆಯಲ್ಲಿ, ಬಸ್ಸಿನಲ್ಲಿ ಮನಸ್ಸಿನೊಳಗೆ ಹೇಳಿಕೊಂಡದ್ದೆಲ್ಲ ಹೊರಗೆ ಬಂತು. ಗಾಳಿಗೆ ಲಂಗ ಹಿಡಿದುಕೊಂಡವಳು, "ಅಯ್ಯೋ, ಹೊರಗೆ ಹಾಕಿದ ಹಪ್ಪಳ ತೆಗೆಯಲಿಲ್ಲ" ಎಂದಳು. ನಾಯಿ ಎಳೆದವಳು, "ಬಿಡು ನಾಯಿ, ಸೋದರತ್ತೆಯ ಮಗಳ ಮದುವೆಗೆ ಇದೊಂದೇ ಸೀರೆ ಇರುವುದು" ಎಂದಳು. ಬಟ್ಟೆ ಕಡಿಮೆಯಾದಷ್ಟು ಮಾತು ಹೆಚ್ಚು ಬೇಕಿತ್ತು. ಸಮುದ್ರದ ಬದಿಯಲ್ಲಿ ನಿಂತವಳು ಪಾಪ, ಕುತ್ತಿಗೆಯಿಂದ ಮೊಣಕಾಲಿನವರೆಗೆ ಮೀನಿನ ಸಾರು ಮಾಡುವ ಕ್ರಮ ಹೇಳಿದಳು.

"ಅಕ್ಕ, ನೀವು ಬರೆಯುವವರಲ್ಲ, ಮಗ್ಗದವರು," ಎಂದರು ಲೋಕಯ್ಯಣ್ಣ. ನ‌ಕ್ಕರು ಕೂಡ. ಕೈ ಮಾತ್ರ ಕುಂಚದ ಡಬ್ಬವನ್ನು ಗಟ್ಟಿಯಾಗಿ ಹಿಡಿದಿತ್ತು.

ಡಿಸೆಂಬರಿನವಳ ಬೆನ್ನಿಗೆ ಎಲ್ಲಕ್ಕಿಂತ ದೊಡ್ಡ ಬಲೂನು ಬೇಕಿತ್ತು. ಬಹಳ ಹೊತ್ತು ಏನೂ ಹೊಳೆಯಲಿಲ್ಲ. ಕೊನೆಗೆ, "ಇನ್ನೊಬ್ಬರ ಗೋಡೆಯಲ್ಲಿ ಎಷ್ಟು ದಿನ ತೂಗಿಕೊಂಡಿರಲಿ? ಹೋಗು ಎಂದು ಯಾರೂ ಹೇಳಿಲ್ಲ. ಇರು ಎಂದೂ ಯಾರೂ ಹೇಳಲಿಲ್ಲ" ಎಂದು ಶುರುವಾಗಿ ಸಾಲು ಸಾಲು ಬಂತು. ಆಗ ನಾನು ಅಣ್ಣನ ಮನೆಯಲ್ಲಿ ಇದ್ದೆ ಎಂದು ಮೊದಲೇ ಬರೆದಿದ್ದೇನೆ. ಲೋಕಯ್ಯಣ್ಣ ಭೂತಗನ್ನಡಿ ಹಿಡಿದು ಅದನ್ನು ಓದಿದರು. "ಇದೊಂದು ಮಾತ್ರ ಅವಳೇ ಹೇಳಿದ ಹಾಗೆ ಉಂಟು," ಎಂದರು. ತಾವೇ ಅದನ್ನು ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದರು.

ಸಂಚಿಕೆ ಬಿದ್ದುಹೋಯಿತು. ಬೆಳ್ತಂಗಡಿಯ ಏಜೆಂಟು ಕಟ್ಟು ಬಿಚ್ಚದೆ ಹಿಂದೆ ಕಳುಹಿಸಿದ. ಇಷ್ಟು ಮುಚ್ಚಿದ್ದಾರೆ ಎಂದ ಮೇಲೆ ಒಳಗೆ ಏನೋ ಉಂಟು ಎಂದು ದೊಡ್ಡವರು ಹೇಳಿದರಂತೆ. ಕಾಲೇಜಿನ ಹುಡುಗರು ಪುಟವನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಮಕ್ಕಳಿಗೆ ಕಥೆಯೇ ಅರ್ಥವಾಗಲಿಲ್ಲ. ರುಕಿಯಾಳ ಮಗಳು ಓದಿ ಮುಗಿಸಿ, "ಉಮ್ಮ, ಇವಳಿಗೆ ಬಾಯಿ ಉಂಟಲ್ಲ. ಸಾರಿನ ಸುದ್ದಿ ಹೇಳುವ ಬದಲು ಬೊಬ್ಬೆ ಹಾಕಿ ಯಾರನ್ನಾದರೂ ಕರೆಯಬಾರದಾ?" ಎಂದು ಕೇಳಿದಳು. ರುಕಿಯಾ ಅದನ್ನು ನಗುತ್ತಾ ಹೇಳಲು ಬಂದು ಅರ್ಧದಲ್ಲಿ ನಿಲ್ಲಿಸಿದಳು.

ಲೋಕಯ್ಯಣ್ಣ ಮೂಡುಬಿದಿರೆಯ ಕ್ಷೌರದ ಅಂಗಡಿಗಳಿಗೆ ಹೋಗತೊಡಗಿದರು. ಕೂದಲು ತೆಗೆಸಲಿಕ್ಕೆ ತಲೆಯಲ್ಲಿ ಕೂದಲು ಇರಲಿಲ್ಲ. ಒಂದು ಸಂಜೆ ನಾನೂ ರುಕಿಯಾಳೂ ಬಸ್‌ಸ್ಟ್ಯಾಂಡಿಗೆ ಹೋಗುವಾಗ ಒಂದು ಅಂಗಡಿಯೊಳಗೆ ಅವರನ್ನು ಕಂಡೆವು. ಗೋಡೆಗೆ ಮುಖ ತಾಗಿಸಿಕೊಂಡು ಒಂದೊಂದೇ ಚಿತ್ರವನ್ನು ನೋಡುತ್ತಾ ಹೋಗುತ್ತಿದ್ದರು. ಪುಸ್ತಕ ಕೈಯಲ್ಲಿ ಹಿಡಿದ ಕ್ಷೌರದವನು ಹೇಳುತ್ತಿದ್ದ, "ಚಂದ ಉಂಟು ಲೋಕಯ್ಯಣ್ಣ, ಚಂದ ಇಲ್ಲ ಅಂತ ಅಲ್ಲ. ಆದರೆ ಓದ್ಲಿಕ್ಕೆ ತುಂಬ ಉಂಟು. ಗೋಡೆಯಲ್ಲಿ ಇರುವುದು ಒಮ್ಮೆ ನೋಡಿದರೆ ಮುಗಿಯಬೇಕು ಮಾರಾಯ್ರೆ. ಇದನ್ನು ಹಾಕಿದರೆ ಗಿರಾಕಿ ಅರ್ಧ ಗಡ್ಡದಲ್ಲಿ ಎದ್ದುಹೋಗಿ ಓದಿಯಾನು."

ಹೊರಗೆ ಬಂದವರು ನಮ್ಮ ದನಿ ಕೇಳಿ ನಿಂತರು. "ಇಲ್ಲಿ ಇಲ್ಲ," ಎಂದರು. "ಇನ್ನು ಬಂಟ್ವಾಳದ ಕಡೆ ಒಮ್ಮೆ ನೋಡುವ."

ಬಂಟ್ವಾಳದಲ್ಲಿಯೂ ಇರಲಿಲ್ಲ.

ಮಾಸಿಕ ಅಲ್ಲಿಗೆ ನಿಂತಿತು. ಲೋಕಯ್ಯಣ್ಣ ಊರಿಗೆ ಹೋದರು. ನಾನು ಮದುವೆ ಕಾಗದಗಳಿಗೆ ಹೆಸರು ಬರೆದುಕೊಂಡು ಉಳಿದೆ. ಆಮೇಲೆ ಕಂಪ್ಯೂಟರು ಬಂತು. ಅದರ ಅಕ್ಷರದಲ್ಲಿ ಅಳುವವರ ಗೆರೆ ನಡುಗುವುದಿಲ್ಲ, ಆದರೆ ಮದುವೆ ಕಾಗದಕ್ಕೆ ಅಳುವುದು ಬೇಡವಲ್ಲ. ಪ್ರೆಸ್ಸು ಮುಚ್ಚುವಾಗ ಧನಿಗಳು, ಬೇಕಾದ್ದನ್ನು ತೆಗೆದುಕೊಂಡು ಹೋಗಿ ಎಂದರು. ರುಕಿಯಾ ಆ ಸಂಚಿಕೆಯ ಚಿತ್ರಗಳ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಯ ಕಪಾಟಿನಲ್ಲಿ ಇಟ್ಟಳು. ಕಾಗದ ಮತ್ತೆ ಏಳ್ತದೆ ಎಂದು ಲೋಕಯ್ಯಣ್ಣ ಹೇಳಿದ್ದರಲ್ಲ, ಅವರ ಎದುರೇ ಬಲೂನು ತೆಗೆಯುವ, ಒಮ್ಮೆ ಹೋಗುವ, ಹೋಗುವ ಎಂದು ಇಬ್ಬರೂ ಹೇಳಿಕೊಳ್ಳುತ್ತಾ ವರ್ಷಗಳು ಹೋದವು. ಅವಳಿಗೆ ಮಗಳ ಮದುವೆ, ನನಗೆ ನಿಮ್ಮ ತಾಯಿಯ ಮದುವೆ.

ಕೊನೆಗೆ ಲೋಕಯ್ಯಣ್ಣನೇ ಹೇಳಿಕಳುಹಿಸಿದರು. ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಬೆಳಕು ಮಾತ್ರ ಗೊತ್ತಾಗುತ್ತದೆ, ಅದೂ ಹೋಗುವ ಮೊದಲು ಚಿತ್ರಗಳನ್ನು ತೆಗೆದುಕೊಂಡು ಬನ್ನಿ ಎಂದು. ಸಿದ್ಧಕಟ್ಟೆಯ ಮೇಲಿನ ಬಸ್ಸಿನಲ್ಲಿ ಹೋದೆವು. ರುಕಿಯಾ ದಾರಿಯುದ್ದಕ್ಕೂ ಕಟ್ಟನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಒಂದು ಹುಳ ಮುಟ್ಟಲಿಲ್ಲ ದೇವಕಿಯಕ್ಕ," ಎಂದು ಎರಡು ಮೂರು ಸಲ ಹೇಳಿದಳು.

ನರಿಕೊಂಬಿನ ಮನೆಯ ಜಗಲಿಯಲ್ಲಿ ಅವರು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಹೆಂಡತಿ ಕೆಟ್ಲಿನಲ್ಲಿ ನೀರು ಕುದಿಸಿ ತಂದುಕೊಟ್ಟರು. ನಾವು ಕಟ್ಟು ಬಿಚ್ಚಿದೆವು. ಹುಳ ಮುಟ್ಟಿರಲಿಲ್ಲ, ನಿಜ. ಬಲೂನುಗಳ ಅಂಚಿನಲ್ಲಿ ಹಸುರು ನೀಲಿಯ ಒಂದು ಕಲೆ ಸುತ್ತಲೂ ಹರಡಿತ್ತು. ಹಬೆ ಹಿಡಿದು, ಒಂದು ತುದಿಯನ್ನು ಉಗುರಿನಿಂದ ಎಬ್ಬಿಸಿ, ನಾನು ಮೆಲ್ಲ ಎಳೆದೆ. ಬಸ್ಸಿನ ಬಾಗಿಲಿನವಳದು. ಬಲೂನು ಎದ್ದಿತು. ಅದರ ಬೆನ್ನಿಗೆ ಅಂಟಿಕೊಂಡು ಅವಳ ಹೊಟ್ಟೆಯೂ ಸೊಂಟ ಹಿಡಿದ ಕೈಯೂ ಎದ್ದು ಬಂದವು. ಕೆಳಗೆ ಉಳಿದದ್ದು ಒರಟು ಬಿಳಿ ರಟ್ಟು. ರುಕಿಯಾ ನನ್ನ ಕೈ ತಳ್ಳಿ ಇನ್ನೊಂದನ್ನು ತಾನೇ ಎಬ್ಬಿಸಿದಳು. ಬಟ್ಟೆ ಒದ್ದೆ ಮಾಡಿ ಇಟ್ಟು ನೋಡಿದಳು. ಅದೂ ಹಾಗೆಯೇ. ಮೈಲುತುತ್ತು ಕಾಗದವನ್ನು ಒಳಗಿಂದ ತಿಂದುಬಿಟ್ಟಿತ್ತು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಶಬ್ದ ಮಾಡಲಿಲ್ಲ.

ಕೊನೆಗೆ ಡಿಸೆಂಬರಿನವಳು. ಅವಳ ಬೆನ್ನು ಪೂರ್ತಿ ನನ್ನ ಕೈಗೆ ಬಂತು. ತಿರುಗಿಸಿದರೆ ಒಂದು ಕಡೆ ನನ್ನ ಅಕ್ಷರ, ಇನ್ನೊಂದು ಕಡೆ ಅವರು ಬರೆದ ಚರ್ಮ.

"ಎದ್ದಿತಾ ಅಕ್ಕ?" ಎಂದರು ಲೋಕಯ್ಯಣ್ಣ.

"ಎದ್ದಿತು," ಎಂದೆ. ಅದು ಸುಳ್ಳಲ್ಲ.

"ಹೇಗೆ ಉಂಟು?"

ರುಕಿಯಾ ನನ್ನನ್ನು ನೋಡಿದಳು. ಯಾವಾಗಲೂ ಮಾತಾಡುವವಳು ಅವಳು. ಆ ದಿನ ಅವಳ ಬಾಯಿ ಬರಲಿಲ್ಲ. ನಾನು ಹೇಳಲು ಶುರು ಮಾಡಿದೆ. ಕೂದಲಿನಿಂದ ನೀರು ಇಳಿಯುವುದು ಹಾಗೆಯೇ ಉಂಟು ಎಂದೆ. ಅದು ಇತ್ತು. ಬೆನ್ನಿನ ಬಣ್ಣ ಸ್ವಲ್ಪವೂ ಮಾಸಲಿಲ್ಲ, ಆಗಷ್ಟೇ ಮಿಂದವರ ಹಾಗೆ, ಬೆನ್ನಹುರಿಯ ಗುಳಿಯಲ್ಲಿ ನೀವು ಇಟ್ಟ ನೆರಳೂ ಉಂಟು ಎಂದೆ. ಎಡಗಡೆ ಸೊಂಟದ ಹತ್ತಿರ ಒಂದು ಮಚ್ಚೆ ಇಟ್ಟಿದ್ದಿರಲ್ಲ, ಅದೂ ಉಂಟು. ಬಸ್ಸಿನವಳ ನೆರಿಗೆ ಉಂಟು, ಸಮುದ್ರದವಳ ಕಾಲಿಗೆ ನೊರೆ ಉಂಟು, ಅವಳ ಹೊಟ್ಟೆಯ ಮೇಲೆ ಬಿಸಿಲು ಬಿದ್ದದ್ದು ಉಂಟು. ಈಗಿನ ಅಂಗಡಿಯವರು ನೋಡಿದರೆ ಬಿಡುವುದಿಲ್ಲ, ಗೋಡೆಗೆ ಹಾಕಿಯೇ ಹಾಕುತ್ತಾರೆ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನಿಮ್ಮ ಅಜ್ಜನ ಹತ್ತಿರವೂ ನಾನು ಅಷ್ಟು ಮಾತನಾಡಿದವಳಲ್ಲ. ನಿಲ್ಲಿಸಿದರೆ ಆ ಬಿಳಿ ಜಾಗ ಕಾಣುತ್ತದೆ ಎಂದು ಒಂದರ ಮೇಲೆ ಒಂದು ಹೇಳುತ್ತಲೇ ಹೋದೆ.

ಲೋಕಯ್ಯಣ್ಣ ಕೈ ಚಾಚಿದರು. ಚಿತ್ರದ ಮೂಲೆ ಸಿಕ್ಕಿತು. ಅಲ್ಲಿಂದ ಬೆರಳು ಮೆಲ್ಲ ಒಳಗೆ ಬಂತು. ಕೂದಲು ದಾಟಿತು, ಹೆಗಲು ದಾಟಿತು. ಹರಿದ ಅಂಚಿಗೆ ಬಂದು ನಿಂತಿತು. ಅಂಚಿನ ಸುತ್ತ ಒಂದು ಸುತ್ತು ಹೋಯಿತು.

"ಸಾಕು ದೇವಕಿಯಕ್ಕ," ಎಂದರು. "ಬಲೂನು ತುಂಬ ದೊಡ್ಡದಾಯಿತು."

ಅವರ ಹೆಂಡತಿ ಚಾ ತಂದು ಇಟ್ಟರು. ಮೂವರೂ ಕುಡಿದೆವು.